ಓದುಗರ ಪ್ರಶ್ನೆ, ನಮ್ಮ ಉತ್ತರ: ಗೀತೆಯ ‘ಪ್ರಸಾದ’ ದೇವಸ್ಥಾನದ ಪ್ರಸಾದವಲ್ಲ

ಧರ್ಮಗ್ರಂಥಗಳ ಅನುವಾದ ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ. ಉದ್ದದ ಪತ್ರಗಳನ್ನು ಚುಟುಕುಗೊಳಿಸಿದ್ದೇವೆ.

ಭಗವದ್ಗೀತೆಗೆ ಕನ್ನಡದಲ್ಲಿ ಅರ್ಥ ಬರೆದ ಎರಡು ಪುಸ್ತಕಗಳು ಮನೆಯಲ್ಲಿವೆ. 2ನೇ ಅಧ್ಯಾಯದ 64ನೇ ಶ್ಲೋಕಕ್ಕೆ ಒಂದರಲ್ಲಿ ‘ಪ್ರಸಾದವನ್ನು ಹೊಂದುತ್ತಾನೆ’ ಎಂದಿದೆ, ಇನ್ನೊಂದರಲ್ಲಿ ‘ಮನಸ್ಸು ತಿಳಿಯಾಗುತ್ತದೆ’ ಎಂದಿದೆ. ಯಾವುದು ಸರಿ? (ಸಾಗರ)

ಮೊದಲನೆಯದನ್ನು ತಪ್ಪು ಎನ್ನಲಾಗದು, ಏಕೆಂದರೆ ಅಲ್ಲಿ ಅನುವಾದವೇ ನಡೆದಿಲ್ಲ. ಸಂಸ್ಕೃತದ ಪದಕ್ಕೆ ‘ವನ್ನು’ ಹಚ್ಚಿ ಕೂರಿಸಿದ್ದಾರೆ ಅಷ್ಟೆ. ಶ್ಲೋಕ ಹೀಗಿದೆ: ‘ರಾಗದ್ವೇಷವಿಯುಕ್ತೈಸ್ತು ವಿಷಯಾನಿಂದ್ರಿಯೈಶ್ಚರನ್ | ಆತ್ಮವಶ್ಯೈರ್ವಿಧೇಯಾತ್ಮಾ ಪ್ರಸಾದಮಧಿಗಚ್ಛತಿ’. ಪ್ರಸಾದ ಎಂದರೆ ಇಲ್ಲಿ ತಿಳಿತನ. ರಾಡಿ ಕೆಳಗೆ ಕೂತು ಮೇಲಿನ ನೀರು ತಿಳಿಯಾದರೆ ಸಂಸ್ಕೃತದಲ್ಲಿ ಅದು ‘ಪ್ರಸನ್ನ’. ಅದೇ ಧಾತುವಿನಿಂದ ಬಂದದ್ದು ಪ್ರಸಾದ. ಶಂಕರರ ಭಾಷ್ಯವೂ ‘ಪ್ರಸನ್ನತಾ, ಸ್ವಾಸ್ಥ್ಯಮ್’ ಎಂದೇ ಬಿಡಿಸುತ್ತದೆ. ಕನ್ನಡದ ಓದುಗರಿಗೋ ಪ್ರಸಾದ ಎಂದೊಡನೆ ಬಾಳೆಲೆಯ ತುಂಡಿನ ಮೇಲಿನ ಸಿಹಿಪೊಂಗಲು ನೆನಪಾಗುತ್ತದೆ. ವೀರಶೈವರ ಮನೆಯವರಾದರೆ ಅಷ್ಟಾವರಣದ ಪ್ರಸಾದ. ಎರಡೂ ಈ ಶ್ಲೋಕದ್ದಲ್ಲ. ಹಾಗೆಂದು ಗೀತೆಯಲ್ಲಿ ಎಲ್ಲ ಕಡೆಯೂ ಪ್ರಸಾದವನ್ನು ‘ತಿಳಿತನ’ ಎಂದು ಬದಲಿಸಲು ಹೊರಟರೆ ಕೊನೆಯ ಅಧ್ಯಾಯದಲ್ಲಿ ಎಡವುತ್ತೀರಿ. 18.73ರಲ್ಲಿ ಅರ್ಜುನ ‘ತ್ವತ್ಪ್ರಸಾದಾತ್’ ಎನ್ನುವಾಗ ‘ನಿನ್ನ ಅನುಗ್ರಹದಿಂದ’ ಎಂದೇ ಅರ್ಥ. ಒಂದೇ ಗ್ರಂಥ, ಒಂದೇ ಪದ, ಎರಡು ಅರ್ಥ.

ಕನ್ನಡಕ್ಕೆ ಅನುವಾದ ಮಾಡುವವರ ದೊಡ್ಡ ಕಷ್ಟ ಇದೇ. ಸಂಸ್ಕೃತದ ಗೊತ್ತಿಲ್ಲದ ಪದ ಯಾರಿಗೂ ಮೋಸ ಮಾಡುವುದಿಲ್ಲ, ನಿಘಂಟು ತೆಗೆದು ನೋಡುತ್ತೇವೆ. ಮೋಸ ಮಾಡುವುದು ಗೊತ್ತಿರುವ ಪದ. ಅದೇ ಅಧ್ಯಾಯದ 62ನೇ ಶ್ಲೋಕವನ್ನು ಎಷ್ಟೋ ಪುಸ್ತಕಗಳು ಹೀಗೆ ಕೊಡುತ್ತವೆ: ‘ವಿಷಯಗಳನ್ನು ಧ್ಯಾನಿಸುವವನಿಗೆ ಅವುಗಳಲ್ಲಿ ಸಂಗ ಉಂಟಾಗುತ್ತದೆ, ಸಂಗದಿಂದ ಕಾಮ, ಕಾಮದಿಂದ ಕ್ರೋಧ.’ ಇದನ್ನು ಹತ್ತನೇ ತರಗತಿಯ ಹುಡುಗನಿಗೆ ಓದಿಸಿ ಅರ್ಥ ಕೇಳಿ. ಕೆಟ್ಟವರ ಸಂಗ ಮಾಡಿದರೆ ಕಾಮ ಕೆರಳುತ್ತದೆ ಎನ್ನುತ್ತಾನೆ. ಅವನ ತಪ್ಪಲ್ಲ. ಕನ್ನಡದಲ್ಲಿ ವಿಷಯ ಎಂದರೆ ‘ಏನು ವಿಷಯ?’ ಎನ್ನುವಾಗಿನ ವಿಷಯ, ಸಂಗ ಎಂದರೆ ಒಡನಾಟ, ಕಾಮ ಎಂದರೆ ಒಂದೇ ಬಗೆಯ ಕಾಮ. ಶ್ಲೋಕದಲ್ಲಿ ವಿಷಯ ಎಂದರೆ ಕಣ್ಣು, ಕಿವಿ, ನಾಲಗೆಗೆ ಎದುರಾಗುವ ವಸ್ತು. ಸಂಗ ಎಂದರೆ ಅಂಟು. ಕಾಮ ಎಂದರೆ ಬೇಕು ಎನ್ನುವ ಯಾವುದೇ ಆಸೆ. ಹೊಸ ಮೊಬೈಲಿನ ಆಸೆಯೂ ಅದರಲ್ಲಿ ಸೇರಿತು. ‘ಧ್ಯಾನ’ ಒಂದೇ ಇಲ್ಲಿ ನಮ್ಮ ಪಾಲಿಗೆ ಒದಗಿಬರುವ ಪದ. ‘ಯಾವಾಗಲೂ ಅದೇ ಧ್ಯಾನ ಅವನಿಗೆ’ ಎಂದು ನಾವು ಆಡುವ ಮಾತಿನಲ್ಲಿ ಶ್ಲೋಕದ ಅರ್ಥ ಹಾಗೇ ಉಳಿದಿದೆ.

ತುಸು ಎಚ್ಚರದ ಅನುವಾದ ಹೀಗಿರುತ್ತದೆ: ‘ಹಿತವೆನಿಸುವ ವಸ್ತುಗಳನ್ನೇ ನೆನೆಯುತ್ತ ಕೂತವನಿಗೆ ಅವುಗಳ ಮೇಲೆ ಅಂಟು ಬೆಳೆಯುತ್ತದೆ, ಅಂಟಿನಿಂದ ಆಸೆ, ಆಸೆಗೆ ಅಡ್ಡಿಯಾದಾಗ ಸಿಟ್ಟು.’ ಇದರಲ್ಲೂ ಒಂದು ಕಳ್ಳದಾರಿ ಇದೆ, ನೋಡಿ. ‘ಅಡ್ಡಿಯಾದಾಗ’ ಎಂಬುದು ಶ್ಲೋಕದಲ್ಲಿ ಇಲ್ಲವೇ ಇಲ್ಲ. ಅದು ಶಂಕರಭಾಷ್ಯದ ‘ಪ್ರತಿಹತಾತ್’ ಎಂಬ ಮಾತು. ಆಸೆಯಿಂದ ಸಿಟ್ಟು ಹೇಗೆ ಹುಟ್ಟೀತು ಎಂದು ಓದುಗ ಕೇಳುತ್ತಾನಲ್ಲ, ಅದಕ್ಕೆ ಭಾಷ್ಯಕಾರರು ಕೊಟ್ಟ ಸಮಾಧಾನ. ಅದು ಕಂಸದೊಳಗಿದ್ದರೆ ತೊಂದರೆಯಿಲ್ಲ. ಕಂಸ ಬಿಟ್ಟುಹೋದರೆ ಭಾಷ್ಯವೇ ಮೂಲವಾಗಿಬಿಡುತ್ತದೆ. ನಿಮ್ಮ ಎರಡು ಪುಸ್ತಕಗಳ ಜಗಳದಲ್ಲಿ ಅರ್ಧ ಪಾಲು ಹೀಗೆ ಕಳೆದುಹೋದ ಕಂಸಗಳದ್ದೇ ಇರಬಹುದು.

ಮಗನಿಗೆ ಇಲ್ಲಿನ ಭಾನುವಾರದ ತರಗತಿಯಲ್ಲಿ ‘ಕರ್ಮಣ್ಯೇವಾಧಿಕಾರಸ್ತೇ’ ಶ್ಲೋಕಕ್ಕೆ ‘ನಿನಗೆ ಕೆಲಸ ಮಾಡುವ ರೈಟ್ ಇದೆ’ ಎಂದು ಹೇಳಿಕೊಟ್ಟಿದ್ದಾರೆ. ‘ಹಾಗಾದರೆ ಮಾಡದೆ ಇರುವ ರೈಟ್ ಕೂಡ ಇರಬೇಕಲ್ಲ?’ ಎನ್ನುತ್ತಾನೆ. ಏನು ಹೇಳಲಿ? (ಕ್ಯಾಲಿಫೋರ್ನಿಯಾ)

ಮಗನ ತರ್ಕ ಸರಿಯಾಗಿದೆ, ಅನುವಾದ ಕೈಕೊಟ್ಟಿದೆ. ಹಕ್ಕು ಎಂದಮೇಲೆ ಚಲಾಯಿಸುವುದೂ ಬಿಡುವುದೂ ನಮ್ಮಿಷ್ಟ. ಶ್ಲೋಕದ ಕೊನೆಯ ಪಾದವಾದ ‘ಮಾ ತೇ ಸಂಗೋಽಸ್ತ್ವಕರ್ಮಣಿ’ ಅದನ್ನೇ ತಡೆಯುತ್ತದೆ: ಕೆಲಸ ಮಾಡದಿರುವುದಕ್ಕೆ ಅಂಟಿಕೊಳ್ಳಬೇಡ. ಹೀಗಾಗಿ ‘ಹಕ್ಕು’ ಎಂದು ಅನುವಾದಿಸಿದರೆ ಮೊದಲ ಪಾದಕ್ಕೂ ಕೊನೆಯದಕ್ಕೂ ಹೊಂದಿಕೆಯಾಗುವುದಿಲ್ಲ.

‘ಅಧಿಕಾರ’ ಮೀಮಾಂಸಕರ, ಅಂದರೆ ವೇದದ ವಿಧಿವಾಕ್ಯಗಳ ಅರ್ಥ ವಿಚಾರಿಸುವವರ, ಬಳಕೆಯ ಪದ. ಯಾವ ವಿಧಿ ಯಾರಿಗೆ ಅನ್ವಯಿಸುತ್ತದೆ, ಅದನ್ನು ಮಾಡತಕ್ಕವನು ಯಾರು ಎಂಬ ಲೆಕ್ಕದ ಹೆಸರು ಅದು. ಅದರಲ್ಲಿ ಯೋಗ್ಯತೆಯೂ ಇದೆ, ಹೊಣೆಯೂ ಇದೆ. ಕನ್ನಡದ ‘ಅಧಿಕಾರ’ದಲ್ಲಿ ತಹಶೀಲ್ದಾರರ ಕುರ್ಚಿ ಮಾತ್ರ ಕಾಣುತ್ತದೆ. ‘ನಿನ್ನ ಪಾಲಿಗೆ ಬಂದದ್ದು ಕೆಲಸವೇ, ಫಲ ನಿನ್ನ ಪಾಲಿನದಲ್ಲ’ ಎಂದರೆ ಮಗನಿಗೆ ಹೆಚ್ಚು ಹತ್ತಿರವಾದೀತು. ‘ಪಾಲಿಗೆ ಬಂದದ್ದು’ ಎಂಬ ನಮ್ಮ ಮಾತಿನಲ್ಲಿ ಹೊಣೆ, ಯೋಗ್ಯತೆ ಎರಡೂ ಅರೆಬರೆಯಾಗಿಯಾದರೂ ಇವೆ.

ಇನ್ನು ‘ಏವ’. ಕೆಲಸದಲ್ಲಿಯೇ ಎಂದರೆ ಯಾವುದರಲ್ಲಿ ಅಲ್ಲ? ಹಲವರು ‘ಫಲದಲ್ಲಿ ಅಲ್ಲ’ ಎನ್ನುತ್ತಾರೆ, ಎರಡನೇ ಪಾದ ಅದನ್ನೇ ಹೇಳುತ್ತದೆ. ಶಂಕರರು ಮಾತ್ರ ‘ಜ್ಞಾನನಿಷ್ಠೆಯಲ್ಲಿ ಅಲ್ಲ’ ಎಂದು ಓದುತ್ತಾರೆ: ಅರ್ಜುನಾ, ಸದ್ಯಕ್ಕೆ ನೀನು ತಕ್ಕವನಾಗಿರುವುದು ಕರ್ಮಕ್ಕೆ, ಸಂನ್ಯಾಸಿಯ ಜ್ಞಾನಮಾರ್ಗಕ್ಕಲ್ಲ. ಒಂದು ‘ಏವ’ಕಾರದ ಎದುರುಪಕ್ಷ ಯಾವುದು ಎಂಬುದರ ಮೇಲೆ ಇಡೀ ಶ್ಲೋಕ ನಿಂತಿದೆ. ಇಂಗ್ಲಿಷಿನಲ್ಲಾಗಲಿ ಕನ್ನಡದಲ್ಲಾಗಲಿ ಒಂದು ಸಾಲಿನ ಅನುವಾದಕ್ಕೆ ಇವೆರಡನ್ನೂ ಹೊರುವ ಶಕ್ತಿ ಇಲ್ಲ.

‘ಸರ್ವಧರ್ಮಾನ್ ಪರಿತ್ಯಜ್ಯ’ ಎಂದರೆ ಎಲ್ಲ ಮತಗಳನ್ನೂ ಬಿಟ್ಟು ಎಂದೇ? (ಹಾವೇರಿ)

ಅಲ್ಲ. ಧರ್ಮ ಎಂದರೆ ಮತ ಎಂಬ ಅರ್ಥ, ‘ಸರ್ವಧರ್ಮ ಸಮ್ಮೇಳನ’ದ ಅರ್ಥ, ಈಚಿನದು. 18.66ಕ್ಕೆ ಶಂಕರರು ‘ಧರ್ಮ ಎಂದರೆ ಇಲ್ಲಿ ಅಧರ್ಮವೂ ಸೇರಿತು, ಎಲ್ಲ ಕರ್ಮಗಳನ್ನೂ ಬಿಟ್ಟು’ ಎಂದು ಬರೆದರೆ, ರಾಮಾನುಜರು ‘ಕರ್ಮವನ್ನಲ್ಲ, ಅದರ ಫಲವನ್ನೂ ನಾನು ಮಾಡಿದೆ ಎಂಬ ಭಾವವನ್ನೂ ಬಿಟ್ಟು’ ಎನ್ನುತ್ತಾರೆ. ಮತಾಂತರದ ಪ್ರಶ್ನೆ ಇಬ್ಬರ ಎದುರಿಗೂ ಇರಲಿಲ್ಲ. ಅಂದಹಾಗೆ ಕನ್ನಡದಲ್ಲಿ ‘ಧರ್ಮಕ್ಕೆ ಸಿಕ್ಕಿದ್ದು’, ‘ಧರ್ಮದೇಟು’ ಎಂಬ ಬಳಕೆಗಳೂ ಇವೆ. ಪುಣ್ಯಕ್ಕೆ ಯಾವ ಅನುವಾದಕರೂ ಅವನ್ನು ಗೀತೆಯೊಳಗೆ ತಂದಿಲ್ಲ.

ಛಾಂದೋಗ್ಯ ಉಪನಿಷತ್ತಿನ ‘ತತ್ತ್ವಮಸಿ’ಯನ್ನು ಮಧ್ವಾಚಾರ್ಯರು ‘ಅತತ್ ತ್ವಮಸಿ’ ಎಂದು ಓದಿದರು ಎಂದು ಕೇಳಿದ್ದೇನೆ. ಇಲ್ಲದ ‘ಅ’ ಸೇರಿಸಬಹುದೇ? (ಉಡುಪಿ)

ಸೇರಿಸಿಲ್ಲ, ಅದೇ ಇಲ್ಲಿನ ಸ್ವಾರಸ್ಯ. ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಆರನೇ ಅಧ್ಯಾಯದಲ್ಲಿ ಒಂಬತ್ತು ಸಲ ಹೇಳುವ ವಾಕ್ಯವನ್ನು ಬಿಡಿಸದೆ ಬರೆದರೆ ಹೀಗಿರುತ್ತದೆ: ‘ಸ ಆತ್ಮಾತತ್ತ್ವಮಸಿ’. ‘ಆತ್ಮಾ + ತತ್’ ಎಂದು ಒಡೆದರೂ ‘ಆತ್ಮಾತತ್’, ‘ಆತ್ಮಾ + ಅತತ್’ ಎಂದು ಒಡೆದರೂ ಸವರ್ಣದೀರ್ಘ ಸಂಧಿಯಾಗಿ ಅದೇ ‘ಆತ್ಮಾತತ್’. ಕಿವಿಗೂ ಕಣ್ಣಿಗೂ ವ್ಯತ್ಯಾಸವಿಲ್ಲ. ಮೊದಲನೆಯ ಒಡೆತಕ್ಕೆ ‘ಅದು ನೀನು’, ಎರಡನೆಯದಕ್ಕೆ ‘ನೀನು ಅದಲ್ಲ’. ಒಡೆಯುವ ಜಾಗದಲ್ಲೇ ದ್ವೈತ, ಅದ್ವೈತ ಬೇರೆಯಾಗುತ್ತವೆ. ಒಂಬತ್ತು ದೃಷ್ಟಾಂತಗಳೂ ಭೇದವನ್ನೇ ತೋರಿಸುತ್ತವೆ ಎಂಬುದು ಮಾಧ್ವರ ವಾದ: ದಾರಕ್ಕೆ ಕಟ್ಟಿದ ಹಕ್ಕಿ ಬೇರೆ, ದಾರ ಬೇರೆ. ನೀರಿನಲ್ಲಿ ಕರಗಿದ ಉಪ್ಪನ್ನು ಮುಂದಿಡುವವರು ಇದಕ್ಕೆ ಒಪ್ಪುವುದಿಲ್ಲ. ಮೂರನೆಯದೊಂದು ಓದೂ ಇದೆ. ‘ತತ್’ ನಪುಂಸಕಲಿಂಗ, ‘ತ್ವಮ್’ ಎಂದು ಕರೆಸಿಕೊಂಡವನು ಪುರುಷ, ಆದ್ದರಿಂದ ‘ತತ್’ ಅನ್ನು ‘ಹಾಗೆ’ ಎಂದು ತೆಗೆದುಕೊಂಡು ‘ನೀನು ಇರುವುದೂ ಹಾಗೆಯೇ’ ಎಂದು ಈಚಿನ ಕೆಲವು ವಿದ್ವಾಂಸರು ಅನುವಾದಿಸಿದ್ದಾರೆ.

ಕನ್ನಡದಲ್ಲಿ ಇನ್ನೊಂದು ಗಂಟು. ‘ತತ್ ತ್ವಮ್ ಅಸಿ’ಯಲ್ಲಿ ‘ಏವ’ ಇಲ್ಲ. ಆದರೆ ನಾವು ಸಾಮಾನ್ಯವಾಗಿ ಬರೆಯುವುದು ‘ನೀನೇ ಅದು’ ಅಥವಾ ‘ಅದೇ ನೀನು’ ಎಂದು. ಆ ‘ಏ’ ಎಲ್ಲಿಂದ ಬಂತು? ಬರಿಯ ‘ಅದು ನೀನು’ ಕನ್ನಡದ ಕಿವಿಗೆ ಅರ್ಧಕ್ಕೆ ನಿಂತ ಮಾತಿನಂತಿದೆ, ಅದಕ್ಕೇ ‘ಏ’ ತಾನಾಗಿ ಅಂಟಿಕೊಳ್ಳುತ್ತದೆ. ಅಂಟಿದ ಕೂಡಲೇ ವಾಕ್ಯ ಅದ್ವೈತದ ಕಡೆ ವಾಲುತ್ತದೆ. ಅನುವಾದಕರಿಗೆ ಅಂಥ ಉದ್ದೇಶ ಇರಲೇಬೇಕೆಂದಿಲ್ಲ, ಕನ್ನಡದ ಜಾಯಮಾನವೇ ಆ ಕೆಲಸ ಮಾಡಿಬಿಡುತ್ತದೆ.

ಸತಿ ಹೋಗುವುದಕ್ಕೆ ಋಗ್ವೇದದಲ್ಲೇ ಆಧಾರವಿದೆ ಎಂದು ಒಬ್ಬರು ವಾದಿಸಿದರು. ನಿಜವೇ? (ತುಮಕೂರು)

ಅವರು ಹೇಳುತ್ತಿರುವುದು 10ನೇ ಮಂಡಲದ 18ನೇ ಸೂಕ್ತದ 7ನೇ ಮಂತ್ರ. ಕೊನೆಯ ಪಾದ ‘ಆ ರೋಹಂತು ಜನಯೋ ಯೋನಿಮಗ್ರೇ’. ‘ಅಗ್ರೇ’ ಎಂದರೆ ಮೊದಲಿಗೆ. ಸತಿಯ ಪರವಾಗಿ ಇದನ್ನು ಉದ್ಧರಿಸುತ್ತಿದ್ದವರ ಪಾಠದಲ್ಲಿ, ಅಂದರೆ ಅವರು ಹಿಡಿದ ಮೂಲದ ರೂಪದಲ್ಲಿ, ಅದು ‘ಅಗ್ನೇಃ’ ಆಗಿತ್ತು, ಬೆಂಕಿಯ ನೆಲೆಗೆ ಏರಲಿ ಎಂದು. ಕನ್ನಡದಲ್ಲಿ ಬರೆದು ನೋಡಿದರೆ ಗಕಾರದ ಕೆಳಗೆ ರ ಒತ್ತೋ ನ ಒತ್ತೋ ಎಂಬಷ್ಟೇ ಅಂತರ. 19ನೇ ಶತಮಾನದಲ್ಲಿ ಸಂಸ್ಕೃತ ವಿದ್ವಾಂಸ ಎಚ್. ಎಚ್. ವಿಲ್ಸನ್ ಇದನ್ನು ಎತ್ತಿ ತೋರಿಸಿದಾಗ ಅವರಿಗೆ ನೆರವಾದದ್ದು ವಿಜಯನಗರದ ಸಾಯಣಾಚಾರ್ಯರ ಭಾಷ್ಯ. ಸಾಯಣರ ಪಾಠ ‘ಅಗ್ರೇ’. ‘ಯೋನಿ’ಗೆ ಅವರು ಕೊಡುವ ಅರ್ಥ ಮನೆ. ಹೆಂಗಸರು ಎಲ್ಲರಿಗಿಂತ ಮೊದಲು ಮನೆಗೆ ಬರಲಿ ಎಂದಷ್ಟೇ ಅವರ ವಿವರಣೆ.

ಇದರಲ್ಲಿ ಅನುವಾದಕ್ಕಿಂತ ಪಾಠದ ದೋಷ ದೊಡ್ಡದು, ಒಪ್ಪುತ್ತೇವೆ. ಆದರೆ ಒಂದೇ ಪಾದವನ್ನು ಕಿತ್ತು ಅನುವಾದಿಸಿದ್ದರಿಂದಲೇ ಆ ದೋಷ ದಕ್ಕಿತು. ಮಂತ್ರದ ಮೊದಲಿಗೇ ‘ಇಮಾ ನಾರೀರವಿಧವಾಃ’ ಎಂದಿದೆ, ವಿಧವೆಯರಲ್ಲದವರು ಎಂದು! ಗಂಡ ಸತ್ತವಳನ್ನು ಕುರಿತದ್ದು ಮುಂದಿನ 8ನೇ ಮಂತ್ರ. ಅದು ‘ಉದೀರ್ಷ್ವ ನಾರ್ಯಭಿ ಜೀವಲೋಕಮ್’ ಎನ್ನುತ್ತದೆ: ಏಳು ಹೆಣ್ಣೇ, ಬದುಕಿರುವವರ ಲೋಕಕ್ಕೆ ಬಾ. ವಾದಿಸಿದವರಿಗೆ ಈ ಎರಡು ಸಾಲು ತೋರಿಸಿ.

ರೋಮ್ ನಗರದಲ್ಲಿರುವ ಮೈಕೆಲೇಂಜೆಲೋನ ಮೋಶೆಯ ಶಿಲ್ಪದ ಚಿತ್ರ ನೋಡಿದೆ. ತಲೆಯ ಮೇಲೆ ಎರಡು ಕೊಂಬು! ಅನುವಾದದ ತಪ್ಪಿನಿಂದ ಬಂದದ್ದು ಎನ್ನುತ್ತಾರೆ. (ಶಿವಮೊಗ್ಗ)

ತಪ್ಪು ಎನ್ನುವುದಕ್ಕಿಂತ ಮಕ್ಕಿಕಾಮಕ್ಕಿ ಎನ್ನಬಹುದು. ಬೈಬಲಿನ ವಿಮೋಚನಕಾಂಡ 34:29ರಲ್ಲಿ ಮೋಶೆ ಸೀನಾಯಿ ಬೆಟ್ಟದಿಂದ ಇಳಿದಾಗ ಅವನ ಮುಖದ ಚರ್ಮ ‘ಕಾರನ್’ ಎಂದು ಹೀಬ್ರೂ ಹೇಳುತ್ತದೆ. ಪ್ರಕಾಶಿಸಿತು ಎಂದು ಅರ್ಥ. ಆ ಕ್ರಿಯಾಪದ ‘ಕೆರೆನ್’, ಅಂದರೆ ಕೊಂಬು, ಎಂಬ ನಾಮಪದದ ನಂಟಿನದು. ಕೊಂಬಿನಂತೆ ಚಾಚಿದ ಕಿರಣ ಎಂದುಕೊಳ್ಳಿ. 400ರ ಆಸುಪಾಸಿನಲ್ಲಿ ಲ್ಯಾಟಿನ್‌ಗೆ ತಂದ ಜೆರೋಮ್ ಧಾತುವಿಗೆ ಅಂಟಿಕೊಂಡು ‘ಕೊರ್ನೂತಾ’, ಕೊಂಬುಳ್ಳದ್ದು ಎಂದ. ಅದಕ್ಕೂ ಹಿಂದಿನ ಗ್ರೀಕ್ ಅನುವಾದದಲ್ಲಿ ‘ಮಹಿಮೆಗೊಂಡಿತು’ ಎಂದು ಸರಿಯಾಗಿಯೇ ಇತ್ತು. ಬೈಬಲಿನಲ್ಲಿ ಕೊಂಬು ಬಲದ, ಹಿರಿಮೆಯ ಗುರುತು. ನಮ್ಮಲ್ಲಿಯೂ ‘ಅವನಿಗೇನು ಎರಡು ಕೋಡಿವೆಯೇ?’ ಎನ್ನುವುದುಂಟಷ್ಟೆ. ಓದುವವರು ಹಾಗೆ ತಿಳಿದುಕೊಂಡಿದ್ದರೆ ಮುಗಿಯುತ್ತಿತ್ತು. ಕೆತ್ತುವವರು ಕಲ್ಲಿನಲ್ಲಿ ರೂಪಕ ಕೆತ್ತಲಾರರು, ಕೊಂಬನ್ನೇ ಕೆತ್ತಬೇಕು.

ಹೀಬ್ರೂವಿನ ಇನ್ನೊಂದು ತೊಡಕು ಲಿಪಿಯದು. ಹಳೆಯ ಬರಹದಲ್ಲಿ ವ್ಯಂಜನ ಮಾತ್ರ. ಸ್ವರದ ಚಿಹ್ನೆಗಳನ್ನು ಕೂಡಿಸಿದ್ದು ಶತಮಾನಗಳ ಮೇಲೆ, ಮಸೋರಾ ಎಂಬ ಯೆಹೂದಿ ಪರಂಪರೆಯ ಪಂಡಿತರು. ಕನ್ನಡದಲ್ಲಿ ಗುಣಿತವಿಲ್ಲದೆ ‘ಕ ಲ’ ಎಂದು ಬರೆದರೆ ಕಾಲು, ಕೋಲು, ಕೂಲಿ, ಯಾವುದನ್ನು ಬೇಕಾದರೂ ಓದಬಹುದಲ್ಲ, ಹಾಗೆ. ಆದಿಕಾಂಡ 47:31ರಲ್ಲಿ ಮುದುಕ ಯಾಕೋಬ ಬಾಗಿದ್ದು ‘ಮಿಟ್ಟಾ’ದ ತಲೆದೆಸೆಗೆ, ಅಂದರೆ ಹಾಸಿಗೆಯ ಮೇಲೆ, ಎಂದು ಹೀಬ್ರೂ ಪರಂಪರೆ. ಅದೇ ವ್ಯಂಜನಗಳನ್ನು ಗ್ರೀಕ್ ಅನುವಾದಕರು ‘ಮಟ್ಟೆ’ ಎಂದು ಓದಿ ಕೋಲಿನ ತುದಿಗೆ ಬಾಗಿಸಿದರು. ಹೊಸ ಒಡಂಬಡಿಕೆಯ ಇಬ್ರಿಯರಿಗೆ 11:21 ಗ್ರೀಕನ್ನು ಅನುಸರಿಸಿದ್ದರಿಂದ ಒಂದೇ ಬೈಬಲಿನಲ್ಲಿ ಒಂದು ಕಡೆ ಹಾಸಿಗೆ, ಒಂದು ಕಡೆ ಕೋಲು ಉಳಿದಿವೆ. ನಿಮ್ಮ ಕನ್ನಡ ಬೈಬಲಿನಲ್ಲಿ ಎರಡೂ ವಚನ ತೆಗೆದು ಪಕ್ಕಪಕ್ಕ ಇಟ್ಟು ನೋಡಿ.

ತುಳುವಿಗೆ ಅನುವಾದ ಮಾಡುವವರಿಗೆ ಕನ್ನಡದವರಿಗಿಂತ ಹೆಚ್ಚು ಕಷ್ಟ ಎಂಬ ಮಾತು ಎಷ್ಟು ಸರಿ? (ಪುತ್ತೂರು)

ಒಂದು ವಿಚಾರದಲ್ಲಿ ಖಂಡಿತ. ಕನ್ನಡದಲ್ಲಿ ‘ನಾವು’ ಒಂದೇ. ತುಳುವಿನಲ್ಲಿ ಕೇಳುವವನನ್ನೂ ಸೇರಿಸಿಕೊಂಡರೆ ‘ನಮ’, ಬಿಟ್ಟರೆ ‘ಎಂಕುಲು’. ಮಾರ್ಕನ ಸುವಾರ್ತೆ 4:38ರಲ್ಲಿ ಬಿರುಗಾಳಿಗೆ ದೋಣಿ ಮುಳುಗುವಂತಾದಾಗ ಶಿಷ್ಯರು ಮಲಗಿದ್ದ ಯೇಸುವನ್ನು ಎಬ್ಬಿಸಿ ‘ಗುರುವೇ, ನಾವು ಸಾಯುತ್ತಿರುವುದು ನಿನಗೆ ಚಿಂತೆಯಿಲ್ಲವೇ’ ಎಂದು ಕೇಳುತ್ತಾರೆ. ‘ನಮ’ ಎಂದರೆ ಗುರುವೂ ಮುಳುಗುತ್ತಾನೆ ಎಂದು ಅವರು ತಿಳಿದಂತಾಯಿತು. ‘ಎಂಕುಲು’ ಎಂದರೆ ಅವನಿಗೆ ಸಾವಿಲ್ಲ ಎಂದು ಆಗಲೇ ನಂಬಿದಂತಾಯಿತು. ಗ್ರೀಕ್ ಮೂಲ ಈ ಬಗ್ಗೆ ಬಾಯಿ ಬಿಡುವುದಿಲ್ಲ. ತುಳುವಿನವರು ಒಂದನ್ನು ಆರಿಸಲೇಬೇಕು. ಆರಿಸಿದರೆ ಶಿಷ್ಯರ ನಂಬಿಕೆಯ ಬಗ್ಗೆ ತೀರ್ಪು ಕೊಟ್ಟಂತೆ. ತೆಲುಗಿನಲ್ಲೂ ಇದೇ ಭೇದ ಇರುವುದರಿಂದ ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ದೇವರನ್ನು ಕರೆಯುವುದು, ಕೇಳುವವನನ್ನು ಬಿಟ್ಟ ‘ನಮ್ಮ’ ಬಳಸಿ, ‘ಮಾ ತಂಡ್ರಿ’ ಎಂದು, ‘ಮನ ತಂಡ್ರಿ’ ಎಂದಲ್ಲ.

ಕನ್ನಡದವರಿಗೆ ಬೇರೆ ಕಡೆ ಕಾದಿದೆ: ದೇವರಿಗೆ ಏಕವಚನವೋ ಬಹುವಚನವೋ? ಹಳೆಯ ಕನ್ನಡ ಬೈಬಲಿನ ಮೊದಲ ವಾಕ್ಯದಲ್ಲಿ ‘ದೇವರು… ಉಂಟುಮಾಡಿದನು’ ಎಂದಿದೆ. ಕೆಲವರಿಗೆ ಇದು ವ್ಯಾಕರಣದೋಷದಂತೆ ಕಾಣುತ್ತದೆ. ಹೀಬ್ರೂವಿನ ‘ಎಲೋಹಿಮ್’ ಕೂಡ ರೂಪದಲ್ಲಿ ಬಹುವಚನ, ಅದರ ಕ್ರಿಯಾಪದ ಏಕವಚನ. ಉದ್ದೇಶವಿತ್ತೋ ಇಲ್ಲವೋ, ಹಳೆಯ ಕನ್ನಡ ವಾಕ್ಯ ಮೂಲದ ಬೆಸುಗೆಯನ್ನು ಹಾಗೇ ಉಳಿಸಿಕೊಂಡಿದೆ. ‘ಮಾಡಿದರು’ ಎಂದರೆ ಗೌರವ ಬರುತ್ತದೆ, ಈ ಹೋಲಿಕೆ ಹೋಗುತ್ತದೆ.

ಬೌದ್ಧರ ಧಮ್ಮಪದದ ‘ಸಬ್ಬೇ ಸಂಖಾರಾ ದುಕ್ಖಾ’ ಎಂಬುದಕ್ಕೆ ‘ಎಲ್ಲ ಸಂಸ್ಕಾರಗಳೂ ದುಃಖ’ ಎಂದು ಓದಿದೆ. ಸಂಸ್ಕಾರ ದುಃಖ ಹೇಗಾದೀತು? (ಕುಶಾಲನಗರ)

ನಾಮಕರಣ, ಉಪನಯನದ ಸಂಸ್ಕಾರವಲ್ಲ, ‘ಸಂಸ್ಕಾರವಂತ ಮನೆತನ’ದ ಸಂಸ್ಕಾರವೂ ಅಲ್ಲ. ಪಾಲಿಯಲ್ಲಿ ಸಂಖಾರ ಎಂದರೆ ಇಲ್ಲಿ ಕಾರಣಗಳು ಕೂಡಿ ಕಟ್ಟಿಕೊಂಡದ್ದು. ದುಕ್ಖ ಬರಿಯ ಅಳುವಲ್ಲ, ನೆಚ್ಚಿ ನಿಲ್ಲಲಾಗದ ಸ್ಥಿತಿ. ಅನುವಾದ ಪರೀಕ್ಷಿಸಲು ಒಂದು ಉಪಾಯ ಹೇಳುತ್ತೇವೆ. 277, 278ನೇ ಗಾಥೆಗಳಲ್ಲಿ ‘ಸಂಖಾರಾ’ ಇದೆ, 279ರಲ್ಲಿ ಪದ ಬದಲಾಗಿ ‘ಸಬ್ಬೇ ಧಮ್ಮಾ ಅನತ್ತಾ’ ಆಗುತ್ತದೆ. ಕಟ್ಟಿಕೊಂಡದ್ದೆಲ್ಲ ಅನಿತ್ಯ, ದುಃಖ. ಆದರೆ ಕಟ್ಟಿಕೊಳ್ಳದ ನಿರ್ವಾಣವೂ ಸೇರಿ ಎಲ್ಲವೂ ಅನಾತ್ಮ ಎಂಬುದು ಥೇರವಾದ ಎಂಬ ಬೌದ್ಧ ಪಂಥದ ವಿವರಣೆ. ನಿಮ್ಮ ಪುಸ್ತಕ ಮೂರಕ್ಕೂ ‘ಎಲ್ಲವೂ’ ಎಂದು ಹಾಕಿದ್ದರೆ ಆ ಭೇದ ಅಲ್ಲಿಗೆ ಮುಗಿಯಿತು.

ಸಂಸ್ಕೃತ ಬಾರದವರು ಅನುವಾದವನ್ನು ತಾವೇ ಒರೆಗೆ ಹಚ್ಚುವುದು ಹೇಗೆ? ಮೊಬೈಲಿನ ಅನುವಾದ ಸಾಕೇ? (ಬೆಂಗಳೂರು)

ಪದಚ್ಛೇದ (ಸಂಧಿ ಬಿಡಿಸಿದ ಪದಗಳು), ಅನ್ವಯ (ಗದ್ಯದ ಕ್ರಮದಲ್ಲಿ ಜೋಡಿಸಿದ ಪದಗಳು), ಪ್ರತಿಪದಾರ್ಥ (ಒಂದೊಂದು ಪದದ ಅರ್ಥ), ತಾತ್ಪರ್ಯ ನಾಲ್ಕೂ ಇರುವ ಪುಸ್ತಕ ಕೊಳ್ಳಿ. ತಾತ್ಪರ್ಯ ಮಾತ್ರ ಇರುವುದು ಬೇಡ. ಒಂದು ಶ್ಲೋಕಕ್ಕೆ ಅರ್ಧ ಗಂಟೆ ಇಡಿ. ಬಿಡಿಸಿದ ಪದಗಳನ್ನು ಒಂದರ ಕೆಳಗೆ ಒಂದು ಬರೆದು ಪ್ರತಿಯೊಂದರ ಎದುರಿಗೂ ಕನ್ನಡ ಪದ ಬರೆಯಿರಿ. ನಿಯಮ ಒಂದೇ: ಅದೇ ಪದವನ್ನು ಮತ್ತೆ ಬರೆಯಬಾರದು. ಗೀತೆ 2.62ರಲ್ಲಿ 12 ಪದಗಳಿವೆ. ವಿಷಯ, ಎರಡು ಸಂಗ, ಎರಡು ಕಾಮ, ಈ ಐದರಲ್ಲಾದರೂ ಕೈ ತಡೆಯುತ್ತದೆ. ತಡೆದ ಪದಗಳನ್ನು ಮಾತ್ರ ನಿಘಂಟಿನಲ್ಲಿ ನೋಡಿ. ಸಂಸ್ಕೃತಕ್ಕೆ ಆಪ್ಟೆ, ಕನ್ನಡದ ಬಳಕೆಗೆ 1894ರ ಕಿಟೆಲ್ ನಿಘಂಟು, ಎರಡೂ ಎದುರಿಗಿದ್ದರೆ ಪದ ಎಲ್ಲಿ ದಾರಿ ಬದಲಿಸಿತು ಎಂದು ಕಾಣುತ್ತದೆ. ಯೋಗಸೂತ್ರ 1.7 ‘ಅನುಮಾನ’ವನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದನ್ನು, ಪ್ರಮಾಣ ಎನ್ನುತ್ತದೆ, ಕನ್ನಡದ ಅನುಮಾನವನ್ನು ಹಾಕಿದರೆ ಸಂಶಯವೇ ಸಾಕ್ಷಿಯಾದಂತೆ! ಆಮೇಲೆ ಏವ, ಅಪಿ, ತು, ಮಾ ಎಂಬ ಚಿಕ್ಕ ಪದಗಳು ಕನ್ನಡದಲ್ಲಿ ಎಲ್ಲಿ ಹೋದವು ಎಂದು ಲೆಕ್ಕ ಹಾಕಿ. ಕೊನೆಗೆ ಸಮಾಸ. 2.64ರ ‘ವಿಧೇಯಾತ್ಮಾ’ ಎಂಬುದನ್ನು ‘ಇಂತಿ ನಿಮ್ಮ ವಿಧೇಯ’ ಎಂಬಂತೆ ಓದಿದರೆ ಅವನು ಯಾರಿಗೋ ವಿಧೇಯನಾಗುತ್ತಾನೆ. ಅದು ಬಹುವ್ರೀಹಿ: ಯಾರ ಮನಸ್ಸು ಅವನ ಮಾತು ಕೇಳುತ್ತದೋ ಅವನು.

ಮೊಬೈಲಿಗೆ ಸಂಧಿ ಬಿಡಿಸದ ಶ್ಲೋಕ ಕೊಟ್ಟರೆ ಅದು ತನಗೆ ತೋಚಿದ ಕಡೆ ಒಡೆಯುತ್ತದೆ, ಒಡೆದದ್ದನ್ನು ನಿಮಗೆ ತೋರಿಸುವುದೂ ಇಲ್ಲ. ಇಂಗ್ಲಿಷ್ ಅನುವಾದ ಕೊಟ್ಟು ಕನ್ನಡ ಮಾಡಿಸಿದರೆ ಒಂದೇ ಪುಟದಲ್ಲಿ ಕೃಷ್ಣ ಅರ್ಜುನನಿಗೆ ಒಮ್ಮೆ ‘ನೀನು’, ಒಮ್ಮೆ ‘ನೀವು’ ಎನ್ನಬಹುದು.

ಪುಸ್ತಕಗಳನ್ನು ಹೋಲಿಸುವಾಗ ಶ್ಲೋಕಸಂಖ್ಯೆಯನ್ನು ನೆಚ್ಚಬೇಡಿ, ಶ್ಲೋಕದ ಮೊದಲ ಪದ ನೋಡಿ. ಗೀತೆಯ 13ನೇ ಅಧ್ಯಾಯದ ಮೊದಲಿಗೆ ಕೆಲವು ಮುದ್ರಣಗಳಲ್ಲಿ ‘ಪ್ರಕೃತಿಂ ಪುರುಷಂ ಚೈವ’ ಎಂಬ ಅರ್ಜುನನ ಪ್ರಶ್ನೆ ಇದೆ, ಕೆಲವುಗಳಲ್ಲಿ ಇಲ್ಲ. ಇದ್ದರೆ ಅಧ್ಯಾಯ ಮುಗಿಯುವವರೆಗೂ ಸಂಖ್ಯೆ ಒಂದೊಂದು ಮುಂದಕ್ಕೆ ಹೋಗಿರುತ್ತದೆ. ಬೈಬಲಿನ ಕೀರ್ತನೆಗಳಲ್ಲೂ ಹಾಗೆಯೇ, ಗ್ರೀಕ್–ಲ್ಯಾಟಿನ್ ಎಣಿಕೆ ಬಹುಪಾಲು ಹೀಬ್ರೂ ಎಣಿಕೆಗಿಂತ ಒಂದು ಹಿಂದಿದೆ. ‘ಯೆಹೋವನು ನನ್ನ ಕುರುಬನು’ ಎಂಬ 23ನೇ ಕೀರ್ತನೆ ಅಲ್ಲಿ 22ನೆಯದು.